ಫ್ರೆಂಚರ ಕೊಲೆಗೆ ನಮ್ಮವರ ಅರ್ಥಗಾರಿಕೆ

ಹೊಟ್ಟೆಕಿಚ್ಚು ನನ್ನ ಸ್ವಭಾವವಲ್ಲ. ಆದರೂ ಗಂಡಂದಿರು ಬಾಯಿ ಮುಚ್ಚಿಕೊಂಡು ಸಿನಿಮಾ ನೋಡುವ ಮನೆಗಳ ಹೆಂಗಸರನ್ನು ಕಂಡಾಗ ಸ್ವಲ್ಪ ಆಗುವುದುಂಟು. ನಮ್ಮವರು ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲದೆ, ಕುಳಿತಲ್ಲೇ ಯಾವ ಪಾತ್ರದ ಪರವಾಗಿಯೂ ಗಂಟೆಗಟ್ಟಲೆ ವಾದಿಸಬಲ್ಲವರು. ಹಾಗೆ ಪಾತ್ರವಾಗಿ ಮಾತಾಡುವುದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಎದುರಿಗೆ ಯಾರ ತುಟಿ ಅಲ್ಲಾಡಿದರೂ ಅದಕ್ಕೆ ಮಾತು ಕೊಡದೆ ಇರಲಾರರು. ಒಮ್ಮೆ ಪಶುವೈದ್ಯರ ಮುಂದೆ ನಮ್ಮ ದನದ ಪರವಾಗಿ ಮಾತಾಡಿ, ಪಾಪ, ಅದಕ್ಕೆ ಇಲ್ಲದ ರೋಗಕ್ಕೆ ಮದ್ದು ಕುಡಿಸಿದ್ದಾರೆ.

ಮೊನ್ನೆ ಶನಿವಾರ ಮಧ್ಯಾಹ್ನ ರಿಮೋಟಿನ ಯಾವುದೋ ಗುಂಡಿ ಒತ್ತಿಹೋಗಿ ಟಿವಿಯಲ್ಲಿ ಒಂದು ಫ್ರೆಂಚ್ ಸಿನಿಮಾ ಶುರುವಾಯಿತು. ಕಥೆಯೂ ಟಿವಿಯವರದ್ದೇ. ಹವಾಮಾನ ಹೇಳುವವನು ಕೊಲೆಯಾಗಿ ಬಿದ್ದಿದ್ದಾನೆ. ನೇರಪ್ರಸಾರ ನಿಲ್ಲಿಸುವಂತಿಲ್ಲವೆಂದು ಹೆಣವನ್ನು ಕುರ್ಚಿಗೆ ಕಟ್ಟಿ, ಹಿಂದಿನಿಂದ ಒಬ್ಬ ಅದರ ಕೈ ಎತ್ತಿ ಮಳೆ ಎಲ್ಲೆಲ್ಲಿ ಎಂದು ತೋರಿಸುತ್ತಾನೆ. ನಗುವುದೋ ಹೆದರುವುದೋ ತಿಳಿಯದು. ಭಾಷೆಯಂತೂ ನಮಗೆ ಯಾರಿಗೂ ಬಾರದು. ಆದರೆ ಕೊಂದದ್ದು ಯಾರೆಂದು ಅತ್ತೆಗೆ ತಿಳಿಯಲೇಬೇಕಿತ್ತು. ಮರುದಿನ ಬೆಳಿಗ್ಗೆ ಅವರು ಮಗಳ ಮನೆಗೆ ನಾರಾವಿಗೆ ಹೊರಟವರು.

ಚಾನೆಲ್ಲಿನ ಬೋಳುತಲೆಯ ಯಜಮಾನ ಬಾಯಿ ತೆರೆದದ್ದೇ ನಮ್ಮವರು ಅವನಿಗೆ ಅರ್ಥ ಹೇಳತೊಡಗಿದರು. ಸದ್ದು ಕೇಳಿ ಪಕ್ಕದ ಮನೆಯ ಸಂಜೀವಣ್ಣ ಬಂದರು. ಕೂಟಗಳಲ್ಲಿ ಇವರ ಖಾಯಂ ಎದುರಾಳಿ. ಅವರು ಇನ್‌ಸ್ಪೆಕ್ಟರನ ಪಾತ್ರ ಹಿಡಿದು, ಕೊಂದವನು ನೀನೇ ಎಂದುಬಿಟ್ಟರು. ಇವರು ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿ, ಆಳಿನ ಪ್ರಾಣ ಕಾಯುವುದೇ ಒಡೆಯನ ಧರ್ಮವಾಗಿರುವಾಗ ಎಂದು ಪೀಠಿಕೆ ಹಾಕಿದರು. ಎರಡು ಸಲ ಚಹಾ ಆಯಿತು. ಪರದೆಯ ಮೇಲೆ ಫ್ರೆಂಚರಿಬ್ಬರೂ ಬಾಯಿ ತೆರೆದುಕೊಂಡು ಕಾಯುತ್ತಿದ್ದರು.

"ಮುಂದೆ ಬಿಡಿ ಮಾರಾಯ್ರೆ, ಅತ್ತೆ ಕಾಯ್ತಾ ಇದ್ದಾರೆ," ಎಂದೆ.

"ಅವನ ಪ್ರಶ್ನೆಗೆ ಉತ್ತರ ಬಾಕಿ ಉಂಟು. ಈಗ ಬಿಟ್ಟರೆ ನಾನು ಸೋತ ಹಾಗೆ," ಎಂದರು ಇವರು.

ಸಂಜೆಯ ಹೊತ್ತಿಗೆ ಸಂಜೀವಣ್ಣ ಸೋತು, ಯಜಮಾನ ನಿರಪರಾಧಿಯೆಂದು ಒಪ್ಪಿದರು. ಅತ್ತೆ ಕಣ್ಣೊರೆಸಿಕೊಂಡು ದೀಪ ಹಚ್ಚಲು ಎದ್ದು ಹೋದರು. ಅವರು ಅತ್ತ ಹೋದ ಮೇಲೆ ಸಿನಿಮಾ ಮುಂದೆ ಬಿಟ್ಟರೆ, ಆ ಬೋಳುತಲೆಯವನು ಗೋಳೋ ಎಂದು ಅತ್ತು, ಮೈಕಿನ ವಯರಿನಲ್ಲಿ ಹೇಗೆ ಕುತ್ತಿಗೆ ಬಿಗಿದೆನೆಂದು ತಾನೇ ಮಾಡಿ ತೋರಿಸಿ, ಬೇಡಿಗೆ ಕೈಯೊಡ್ಡಿದ. ಇವರಿಗೆ ಸಿಟ್ಟು ಬಂತು. ಪಾತ್ರವನ್ನು ಅವನು ಹಾಳು ಮಾಡಿದನಂತೆ.

ಮರುದಿನ ಬಸ್ಸಿಗೆ ಕಾಯುವಾಗ ಅತ್ತೆ ಕೇಳಿದರು, "ಅಲ್ಲ ಮಗಾ, ಕೊಂದದ್ದು ಯಾರು ಹಾಗಾದ್ರೆ?"

ನನ್ನ ಗಂಡನ ಸ್ವರದಲ್ಲಿ ಅಷ್ಟು ಹೊತ್ತು ಮಾತಾಡಿದವನನ್ನು ಜೈಲಿಗೆ ಕಳಿಸಲು ಮನಸ್ಸು ಬರಲಿಲ್ಲ. ಬಸ್ಸು ಬೇರೆ ಬಂತು.

"ಆ ಇನ್‌ಸ್ಪೆಕ್ಟರೇ ಅತ್ತೆ," ಎಂದೆ.

ಅತ್ತೆ ಮರಳಿ ಬಂದಿದ್ದಾರೆ. ಸಂಜೀವಣ್ಣ ಜಗಲಿ ಹತ್ತಿದರೆ ಸಾಕು, ಎಲೆಯಡಿಕೆ ತಟ್ಟೆಯಿಂದ ಅಡಕತ್ತರಿಯನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ.

"ಅಮ್ಮನಿಗೆ ನನ್ನ ಮೇಲೆ ಎಂತ ಕೋಪ ಅಕ್ಕಾ?" ನಿನ್ನೆ ಸಂಜೀವಣ್ಣ ಸಣ್ಣ ಮುಖ ಮಾಡಿ ಕೇಳಿದರು.

ನಾನು ಅತ್ತೆಯ ಪ್ರಾಯ, ಮಂದವಾದ ಕಿವಿ, ಮಂಡಿನೋವು, ನಾರಾವಿಯ ನೀರು ಎಂದು ಒಂದೊಂದಾಗಿ ಅರ್ಥ ಹೇಳತೊಡಗಿದೆ. ಸಂಜೀವಣ್ಣ ಒಂದು ಮರುಪ್ರಶ್ನೆಯನ್ನೂ ಹಾಕದೆ ಒಪ್ಪಿಕೊಂಡು ಎದ್ದು ಹೋದರು. ನನಗೆ ತುಸು ಬೇಸರವೇ ಆಯಿತು. ಹೇಳಲು ಇನ್ನೂ ಬಹಳ ಉಳಿದಿತ್ತು.