ಅಟ್ಟದ ಮೇಲಿನ ಕಾಯಿ

ಕಲ್ಲಡ್ಕದಲ್ಲಿ ಚಿಕ್ಕ ಹೋಟೆಲು ನಡೆಸುವ ಶಂಭುವಿಗೆ ಲೋಕದಲ್ಲಿ ಶತ್ರು ಅಂತ ಇದ್ದವನು ಒಬ್ಬನೇ: ಹೆಂಡತಿ ಕಾಂತಿಯ ಅಣ್ಣ, ಲಾಯಿಲದ ನೋಣಯ್ಯ. (ಭಾವನನ್ನು ಶತ್ರು ಎನ್ನಬಾರದು, ಒಪ್ಪಿದೆ. ಆದರೆ ಮೂರು ವರ್ಷ ಸತತ ಸೋಲಿಸಿದವನನ್ನು ಇನ್ನೇನೆಂದು ಕರೆಯುವುದು, ನೀವೇ ಹೇಳಿ.)

ಮಳೆ ಸುರಿಯುವ ಆಟಿ ತಿಂಗಳ ಒಂದು ಭಾನುವಾರ ಲಾಯಿಲದವರು ಕೆಸರುಗದ್ದೆಯಲ್ಲಿ ಸೇರಿ ಓಡುತ್ತಾರೆ, ಹಗ್ಗ ಎಳೆಯುತ್ತಾರೆ, ತೆಂಗಿನಕಾಯಿ ಕುಟ್ಟುತ್ತಾರೆ. ಇಬ್ಬರು ಸುಲಿದ ಕಾಯಿ ಹಿಡಿದು ಒಂದಕ್ಕೊಂದು ಕುಟ್ಟಬೇಕು. ಯಾರದ್ದು ಒಡೆಯಿತೋ ಅವನು ಸೋತ. ಒಡೆದ ಕಾಯಿ ಗೆದ್ದವನಿಗೆ. ಮೂರು ವರ್ಷವೂ ಮೊದಲ ಸುತ್ತಿನಲ್ಲೇ ಶಂಭುವಿನ ಕಾಯಿ ನೋಣಯ್ಯನ ಮನೆಯ ಪತ್ರೊಡೆಗೆ ಅರೆದು ಹೋಗಿತ್ತು.

ಈ ಸಲ ಹಾಗಾಗಬಾರದೆಂದು ಶಂಭು ಘೋರ ತಪಸ್ಸನ್ನೇ ಮಾಡಿದ್ದ. ಸಣ್ಣ, ಗುಂಡನೆಯ ಕಾಯಿಯೊಂದನ್ನು ಹುಡುಕಿ, ಏಪ್ರಿಲಿನ ಬಿಸು ಹಬ್ಬದಿಂದ ಹೋಟೆಲಿನ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಿದ್ದ. ಶನಿವಾರ ಇಳಿಸಿ, ಜುಟ್ಟು ಉಳಿಸಿ ಸುಲಿದು, ಜುಟ್ಟಿನಡಿ ಮೊಳೆಯಿಂದ ‘ಶಂ’ ಎಂದು ಗೀರಿದ. ಯಾರ ದೃಷ್ಟಿಯೂ ತಾಗಬಾರದೆಂದು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ.

“ಮಗಳ ಪರೀಕ್ಷೆಗೂ ಇಷ್ಟು ಮಂಡೆಬಿಸಿ ಮಾಡಿಕೊಂಡವರಲ್ಲ ನೀವು,” ಎಂದಳು ಕಾಂತಿ. “ಹದಿನೆಂಟು ವರ್ಷದಿಂದ ಹೇಳ್ತಾ ಇದ್ದೀರಿ, ಮಳೆಗಾಲದಲ್ಲಿ ದಿಡುಪೆಗೆ ಹೋಗುವ, ಜಲಪಾತ ನೋಡುವ ಅಂತ. ನಾಳೆ ಲಾಯಿಲದಿಂದ ಹಾಗೇ ಹೋಗುವನಾ?”

“ಗೆದ್ದರೆ ಮುಂದಿನ ಸುತ್ತು ಉಂಟಲ್ಲ ಮಾರಾಯ್ತಿ. ಸಂಜೆಯವರೆಗೆ ಗದ್ದೆ ಬಿಡ್ಲಿಕ್ಕೆ ಆಗುವುದಿಲ್ಲ.”

“ಸೋತರೆ?”

“ಸೋತರೆ ಅಲ್ಲಿಂದಲೇ ದಿಡುಪೆಗೆ, ದೇವರಾಣೆ. ಆದರೆ ಈ ಸಲ ಸೋಲುವ ಪ್ರಶ್ನೆಯೇ ಇಲ್ಲ.”

“ಆಯ್ತು,” ಎಂದಳು ಕಾಂತಿ. ಹೆಂಡತಿ ಇಷ್ಟು ಸುಲಭದಲ್ಲಿ ಆಯ್ತು ಎಂದಾಗ ಗಂಡನಾದವನು ಒಮ್ಮೆ ತಿರುಗಿ ನೋಡಬೇಕು. ಶಂಭು ನೋಡಲಿಲ್ಲ.

ಗದ್ದೆಯಲ್ಲಿ ಧ್ವನಿವರ್ಧಕ ಭಾವ–ಭಾವರ ಮಹಾಯುದ್ಧವನ್ನು ಸಾರಿತು. ಶಂಭು ಕೆಂಪು ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ ಕುಲದೇವರನ್ನು ನೆನೆದು, ಕಾಯಿ ಎತ್ತಿದ.

“ಒಡೆದರೆ ಬೇಜಾರು ಮಾಡ್ಬೇಡಿ ಭಾವ,” ಎಂದ ನೋಣಯ್ಯ.

“ನಿಮ್ಮದನ್ನು ನೋಡಿಕೊಳ್ಳಿ!”

ಒಂದೇ ಪೆಟ್ಟು. ಶಂಭುವಿನ ಮೊಣಕೈವರೆಗೆ ಕಾಯಿಯ ನೀರು ಇಳಿಯಿತು. ಮೂರೂವರೆ ತಿಂಗಳ ಹೊಗೆ ತಿಂದ ಕಾಯಿ ಹೀಗೆ ಮೋಸ ಮಾಡಿತಲ್ಲ ಎಂದು ಅವನಿಗೆ ಅಳುವೇ ಬಂತು.

ಕೊಟ್ಟ ಮಾತು ಮಾತೇ. ಮಧ್ಯಾಹ್ನ ದಿಡುಪೆಯಲ್ಲಿ ಕಾಂತಿ ಸೆರಗು ಸಿಕ್ಕಿಸಿ, ಸೀರೆ ಒದ್ದೆಯಾಗುವಷ್ಟು ಜಲಪಾತದ ಹತ್ತಿರ ನಿಂತು ಚಿಕ್ಕ ಹುಡುಗಿಯಂತೆ ನಕ್ಕಳು. ಶಂಭು ಬಂಡೆಯ ಮೇಲೆ ಕೂತು ಕಾಲಿನಿಂದ ಜಿಗಣೆ ಕಿತ್ತ. ಇಷ್ಟು ಖುಷಿಯಾಗುತ್ತದೆಂದರೆ ಮೊದಲೇ ಕರೆತರಬಹುದಿತ್ತು ಎಂದು ಅವನಿಗೂ ಅನಿಸಿತು.

ಹಿಂತಿರುಗುವಾಗ ಕಾಫಿಗೆಂದು ನೋಣಯ್ಯನ ಮನೆಗೆ ಹೋದರೆ ಅವನು ಪಂದ್ಯದಲ್ಲಿ ಗೆದ್ದ ಕಪ್ ಹಿಡಿದು ಜಗಲಿಯಲ್ಲೇ ನಿಂತಿದ್ದ. “ತಂಗೀ, ನೀನು ಕೊಟ್ಟದ್ದು ಕಾಯಿಯಲ್ಲ ಮಾರಾಯ್ತಿ, ಕಗ್ಗಲ್ಲು! ಏಳು ಜನರನ್ನು ಮುಗಿಸಿತು. ಕಪ್ ನನಗೆ, ಕಾಯಿ ನಿನಗೆ ವಾಪಸ್.”

ಶಂಭು ಮೆಲ್ಲ ಜುಟ್ಟು ಎತ್ತಿ ನೋಡಿದ. ‘ಶಂ’!

ಕಾರು ಹತ್ತಿದ ಮೇಲೆ ಕೇಳಿದ. “ನನ್ನದನ್ನು ನಿನ್ನ ಅಣ್ಣನಿಗೆ ಕೊಟ್ಟೆಯಾ?”

“ಅವನದ್ದು ಬಿರುಕು ಬಿಟ್ಟಿತ್ತಂತೆ, ನಿನ್ನೆ ರಾತ್ರಿ ಫೋನ್ ಮಾಡಿ ಬರುವಾಗ ಒಂದು ತಂದು ಕೊಡು ಅಂದ. ಕೊಟ್ಟೆ. ನಿಮ್ಮ ಬಟ್ಟೆಯಲ್ಲಿ ಅಡುಗೆಮನೆಯ ಕಾಯಿ ಕಟ್ಟಿದೆ.”

“ಯಾಕೆ?”

“ಗೆದ್ದರೆ ದಿಡುಪೆ ಇಲ್ಲ ಅಂದವರು ಯಾರು?”

ಕಪ್ ಗೆದ್ದದ್ದು ನನ್ನ ಕಾಯಿ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು ಶಂಭುವಿಗೆ. ಕೂಗಿದರೆ ಉಳಿದದ್ದನ್ನೂ ಹೇಳಬೇಕಲ್ಲ. ಸುಮ್ಮನೆ ಗೇರ್ ಹಾಕಿದ.

ಮರುದಿನ ಬೆಳಿಗ್ಗೆ ಕಾಂತಿ ಅದೇ ಕಾಯಿಯನ್ನು ಅವನ ಮುಂದಿಟ್ಟು, “ಚಟ್ನಿಗೆ ಹೊತ್ತಾಯ್ತು, ಒಡೆದು ಕೊಡಿ,” ಎಂದಳು. ಕತ್ತಿಯ ಹಿಂಬದಿಯಿಂದ ಹನ್ನೊಂದು ಪೆಟ್ಟು ಬೇಕಾಯಿತು. ಶಂಭು ಒಂದೊಂದನ್ನೂ ಎಣಿಸಿದ.