ಸ್ಯಾಟಲೈಟ್‌ನಲ್ಲಿ ನಾನು ಕಟ್ಟಿದ ಜೈಲು

ಗಂಭೀರವಾದ ಸಿನಿಮಾ ಮಾಡುತ್ತೇನೆ ಎಂದು ಯಾರಾದರೂ ಹೊರಟರೆ ಸುತ್ತಲಿನ ಜನಕ್ಕೆ ಅದೇನು ಹುರುಪು ಬರುತ್ತದೋ, ಎಲ್ಲರೂ ಸೇರಿ ಅದನ್ನು ನಗೆಪಾಟಲು ಮಾಡದೆ ಬಿಡುವುದಿಲ್ಲ. ನನಗೆ ಪ್ರತಿ ಸಲವೂ ಹೀಗೇ ಆಗುತ್ತದೆ. ಈ ಸಲ ಮಾತ್ರ ಸ್ವಲ್ಪ ಅತಿಯಾಯಿತು.

ನಾನು ಧಾರವಾಡದವಳು. ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನು ಹಿಡಿದು ಮೊದಲು ಸೂರತ್, ಆಮೇಲೆ ವಡೋದರಾ, ಇದೆಲ್ಲ ನಡೆದಾಗ ಅಹಮದಾಬಾದ್. ಹೊಟ್ಟೆಪಾಡಿಗೆ ಮದುವೆ ವೀಡಿಯೊ ಎಡಿಟ್ ಮಾಡುತ್ತೇನೆ, ಮನಸ್ಸಿನ ಸಮಾಧಾನಕ್ಕೆ ಕಿರುಚಿತ್ರ ಮಾಡುತ್ತೇನೆ. ಈ ಸಲದ ಕಥೆ ಮುಂದಿನ ಶತಮಾನದ್ದು. ಆಗ ಜೈಲುಗಳೇ ಇರುವುದಿಲ್ಲ, ಕಾವಲುಗಾರರೂ ಇಲ್ಲ, ಬೀಗವೂ ಇಲ್ಲ. ತಪ್ಪು ಮಾಡಿದವನನ್ನು ಒಂದು ಕೋಣೆಯಲ್ಲಿ ಒಬ್ಬನೇ ಇಡುತ್ತಾರೆ. ಅದಕ್ಕೊಂದು ಮಾತಾಡುವ ಬಾಗಿಲು. ಖೈದಿ ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಆದರೆ ಬಾಗಿಲು ಮೊದಲು ಪ್ರಶ್ನೆ ಕೇಳುತ್ತದೆ. ಎಲ್ಲಿಗೆ, ಯಾಕೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್. ಉತ್ತರ ಕೊಟ್ಟೂ ಕೊಟ್ಟೂ ಸುಸ್ತಾಗಿ ಅವನು ಹೊರಗೆ ಹೋಗುವ ಆಸೆಯನ್ನೇ ಬಿಟ್ಟುಬಿಡುತ್ತಾನೆ. ಎರಡು ವರ್ಷ ತಲೆಯಲ್ಲಿ ಇಟ್ಟುಕೊಂಡು ಸಾಕಿದ ಕಥೆ. ಗಂಡನಿಗೆ ಮತ್ತೆ ವರ್ಗ ಆಗುವ ಸುದ್ದಿ ಬೇರೆ ಹಬ್ಬಿತ್ತು. ಆದೇಶ ಬರುವುದರೊಳಗೆ ಮುಗಿಸದಿದ್ದರೆ ಗೊತ್ತಿದ್ದ ಜನ, ಸಿಕ್ಕ ಜಾಗ ಎಲ್ಲ ಕೈತಪ್ಪಿ ಸಿನಿಮಾ ಅಲ್ಲಿಗೇ ನಿಲ್ಲುತ್ತಿತ್ತು.

ಅಲ್ಲಿ ನಾವಿದ್ದ ಬಡಾವಣೆಯ ಹೆಸರು ಸ್ಯಾಟಲೈಟ್. "ಸ್ಯಾಟಲೈಟ್‌ನಾಗ ಜೈಲಿನ ಸೆಟ್ ಹಾಕಾಕತ್ತೇನಿ" ಎಂದು ಫೋನಿನಲ್ಲಿ ಹೇಳಿದಾಗ ಧಾರವಾಡದ ನಮ್ಮ ಮಾವಶಿ, ಅವ್ವನ ತಂಗಿ, "ಅಷ್ಟು ಮ್ಯಾಲೆ ಕರೆಂಟಿಗೆ ಏನು ಮಾಡೀರಿ?" ಎಂದು ಕೇಳಿದಳು.

ಕೋಣೆ

ಸೆಟ್ ಹಾಕುವುದು ಕೊನೆಯ ಉಪಾಯ. ಮೊದಲು ನಿಜವಾದ ಕೋಣೆಯನ್ನೇ ಹುಡುಕಿದೆ. ಸೂರತ್‌ನಲ್ಲಿ ಹಳೆಯ ಪರಿಚಯದವರು, ಅಡಾಜಣ್ ಕಡೆ ಒಂದು ಹಾಸ್ಟೆಲ್ ಇದೆ, ಪ್ರವೇಶ ಪರೀಕ್ಷೆಗೆ ಓದುವ ಹುಡುಗರದ್ದು, ಒಮ್ಮೆ ನೋಡಿ ಎಂದರು. ಹೋಗಿ ನೋಡಿದೆ. ಕಣ್ಣು ತುಂಬಿ ಬಂತು. ಕಿಟಕಿಗೆ ಸರಳು, ಮೂಲೆಗೆ ಕ್ಯಾಮೆರಾ, ಗೋಡೆಯ ತುಂಬ "ಮಾಡಬಾರದು" ಎಂಬ ಫಲಕ. ನಾನು ಒಂದು ಮೊಳೆಯನ್ನೂ ಹೊಡೆಯಬೇಕಾಗಿರಲಿಲ್ಲ.

ಹಾಸ್ಟೆಲ್ ನಡೆಸುವ ಬೆಹನ್ ಶಿಸ್ತಿನ ಹೆಂಗಸು. ಕಥೆ ಕೇಳಿದರು. ಒಂದು ಕೋಣೆಗೆ ಖೈದಿ ಒಬ್ಬನೇ ಎಂದಾಗ ಅವರ ಹುಬ್ಬು ಮೇಲೆ ಹೋಯಿತು. ತಮ್ಮಲ್ಲಿ ಅಂಥ ಐಷಾರಾಮ ಇಲ್ಲ ಎಂದರು. ಅವನು ಹಗಲು ಹೊತ್ತು ಗೋಡೆ ನೋಡುತ್ತಾ ಕೂರುತ್ತಾನೆ ಎಂದೆ. ಓದುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಕೊನೆಗೆ ಬಾಗಿಲಿನ ವಿಷಯ ಹೇಳಿದೆ, ಕೇಳಿದರೆ ತೆರೆಯುತ್ತದೆ, ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು ಎಂದೆ. ಅಲ್ಲಿಗೆ ಅವರು ಎದ್ದು ನಿಂತರು. ಕೋಣೆ ಕೊಡುವುದಕ್ಕೆ ಆಗುವುದಿಲ್ಲ ಎಂದು ಮೃದುವಾಗಿಯೇ ಹೇಳಿದರು.

"ಬೇಜಾರು ಮಾಡಿಕೊಳ್ಳಬೇಡಿ. ಜೈಲಿನಲ್ಲಿ ಇಷ್ಟೆಲ್ಲ ಸಲಿಗೆ ಇದೆ ಅಂತ ನೋಡಿದರೆ ನಾಳೆ ನಮ್ಮ ಹುಡುಗರೂ ಕೇಳುತ್ತಾರೆ."

ಬಟ್ಟೆ

ಸೂರತ್‌ಗೆ ಹೋದ ಮೇಲೆ ಬಟ್ಟೆ ಕೊಳ್ಳದೆ ಬರುವುದುಂಟೆ? ಖೈದಿಯ ಸಮವಸ್ತ್ರವನ್ನು ಅಲ್ಲೇ ಹೊಲಿಸೋಣ ಎಂದು ಜವಳಿ ಅಂಗಡಿಯ ಒಬ್ಬ ಸೇಠ್ ಹತ್ತಿರ ಹೋದೆ. ಬೂದು ಬಣ್ಣದ ಒಂದು ಜೊತೆ ಬೇಕು, ಜೇಬು ಇರಬಾರದು, ಗುಂಡಿ ಇರಬಾರದು, ಒಂದು ಗೆರೆಯೂ ಇರಬಾರದು ಎಂದೆ. ಅವರು ತಂಪು ಮಜ್ಜಿಗೆ ತರಿಸಿಕೊಟ್ಟು, ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ವಿಚಾರಿಸಿದರು. ಖೈದಿಯ ಕಡೆಯವಳು ಎಂದೆ.

ಸೇಠ್ ಎಲ್ಲವನ್ನೂ ಕೇಳಿಕೊಂಡರು. ಹೊಲಿದು ಕಳಿಸಿದ ಬಟ್ಟೆಯನ್ನು ಬಿಚ್ಚಿ ನೋಡಿದರೆ ಕುತ್ತಿಗೆಯ ಸುತ್ತ ಸಣ್ಣ ಜರಿ. ಫೋನ್ ಮಾಡಿದೆ. ಅವರಿಗೆ ನಿಜವಾಗಿ ನೋವಾಗಿತ್ತು. ಅಪ್ಪನ ಕಾಲದಿಂದ ನಡೆದುಬಂದ ಅಂಗಡಿ, ಇಲ್ಲಿಂದ ಬರೀ ಬೋಳು ಬಟ್ಟೆ ಹೊರಗೆ ಹೋದದ್ದೇ ಇಲ್ಲ ಎಂದರು. ಮುಂದಿನ ಶತಮಾನದಲ್ಲಿ ಜರಿ ಇರುವುದಿಲ್ಲ ಎಂದು ತೋರಿಸಿ ನಿಮಗೇನು ಸಿಗುತ್ತದೆ, ಆಗ ನಮ್ಮ ಮೊಮ್ಮಕ್ಕಳು ಏನು ಮಾಡಬೇಕು ಎಂದೂ ಕೇಳಿದರು. ಫೋನ್ ಇಟ್ಟೆ. ಕೂತು ಎಳೆ ಎಳೆಯಾಗಿ ಜರಿ ಬಿಚ್ಚಿದೆ.

ಕೆಲವು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಹೋಗುವಾಗ ನೋಡುತ್ತೇನೆ, ಅಂಗಡಿಯ ಗಾಜಿನೊಳಗೆ ಗೊಂಬೆಯ ಮೈಮೇಲೆ ನನ್ನ ಖೈದಿಯ ಬಟ್ಟೆ, ಜರಿಯ ಸಮೇತ. ಒಳಗೆ ಹೋಗಿ ಯಾರು ಕೊಳ್ಳುತ್ತಾರೆ ಎಂದು ಕೇಳಿದೆ. ಸೇಠ್ ಹೆಮ್ಮೆಯಿಂದ, "ಮದುಮಕ್ಕಳು" ಎಂದರು. "ಹಾಕಿಕೊಂಡು ಕನ್ನಡಿ ನೋಡಿದವರೆಲ್ಲ, ಇದೇ ಸರಿ ಅಂತಾರೆ."

ಊಟ

ಕೊನೆಗೆ ನಮ್ಮ ವಸತಿ ಸೊಸೈಟಿಯ ಸಮುದಾಯ ಭವನದಲ್ಲೇ ಸೆಟ್ ಹಾಕಿದೆವು. ಖೈದಿಯ ಪಾತ್ರಕ್ಕೆ ಗೊತ್ತುಮಾಡಿದ್ದ ನಟ ಹಿಂದಿನ ದಿನ ಧಾರಾವಾಹಿ ಸಿಕ್ಕಿತೆಂದು ಮುಂಬೈಗೆ ಹೋದ. ಉಳಿದವರು ನನ್ನ ಗಂಡ. ಕಾಲೇಜಿನಲ್ಲಿ ನಾಟಕ ಮಾಡಿದವರು, ಒಪ್ಪಿಕೊಂಡರು. ರಜೆ ಕೇಳಲು ಮ್ಯಾನೇಜರ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಒಂದು ವಾರ ಜೈಲಿನಲ್ಲಿ ಇರಬೇಕಾಗಿದೆ ಎಂದು. ಮ್ಯಾನೇಜರ್ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ, "ಯಾವ ಲೋನು?" ಎಂದು ಕೇಳಿದರಂತೆ.

ಚಿತ್ರದಲ್ಲಿ ಒಂದು ಮುಖ್ಯ ದೃಶ್ಯವಿದೆ. ಗೋಡೆಯ ಕಿಂಡಿಯಿಂದ ಬೂದು ಬಣ್ಣದ, ರುಚಿಯಿಲ್ಲದ ಮುದ್ದೆಯಂಥ ಊಟ ಬರುತ್ತದೆ. ಖೈದಿ ಅದನ್ನು ಅಸಹ್ಯದಿಂದ ನೋಡಿ ತಟ್ಟೆಯನ್ನು ಗೋಡೆಗೆ ಎಸೆಯುತ್ತಾನೆ. ಊಟದ ಜವಾಬ್ದಾರಿಯನ್ನು ನಮ್ಮ ಮನೆ ಹತ್ತಿರ ಹೋಟೆಲ್ ನಡೆಸುವ ಕುಂದಾಪುರ ಕಡೆಯವರೊಬ್ಬರಿಗೆ ಒಪ್ಪಿಸಿದ್ದೆ. ಅನ್ನ ಬೇಳೆ ಗಿಜಿಗಿಜಿ ಬೇಯಿಸಿ ಬಣ್ಣ ಹಾಕಿ ಕಳಿಸಿದರೆ ಸಾಕು ಎಂದಿದ್ದೆ. ಅವರು ತಲೆಯಾಡಿಸಿದ್ದರು.

ಶೂಟಿಂಗ್ ದಿನ ಬಂತು ಮುದ್ದೆ. ಬೂದು ಬಣ್ಣವೇನೋ ಇತ್ತು. ಆದರೆ ಮುಚ್ಚಳ ತೆಗೆದ ಕೂಡಲೆ ಭವನದ ತುಂಬ ತುಪ್ಪದ ಘಮ. ಒಳಗೆ ಮೆಣಸು, ಶುಂಠಿ, ಹುರಿದ ಗೋಡಂಬಿ. ಗಂಡ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಒಂದು ಬೆರಳಲ್ಲಿ ನೆಕ್ಕಿದರು. ಅಲ್ಲಿಂದ ಮುಂದೆ ಅವರು ನನ್ನ ಕೈಗೆ ಸಿಗಲಿಲ್ಲ. ಎಸಿರಿ ಎಂದು ಎಷ್ಟು ಹೇಳಿದರೂ, "ಅನ್ನ ಎಸ್ಯಾಕ ಮನಸ್ಸು ಬರೂದಿಲ್ಲ, ಇನ್ನೊಂದು ಟೇಕ್ ತಗೋ" ಎನ್ನುವುದು. ಪ್ರತಿ ಟೇಕ್‌ಗೂ ತಟ್ಟೆ ಖಾಲಿ. ಹೋಟೆಲಿಗೆ ಫೋನ್ ಮಾಡಿ ಜಗಳ ಮಾಡಿದೆ. "ನೀವು ಎಂತ ಹೇಳ್ತೀರಿ ಮಾರಾಯ್ರೆ, ರುಚಿ ಇಲ್ಲದ್ದು ನಮ್ಮ ಅಡುಗೆಮನೆಯಿಂದ ಹೊರಗೆ ಹೋದರೆ ನಾಳೆ ಯಾರಿಗೆ ಮುಖ ತೋರಿಸುವುದು?" ಎಂದರು ಅವರು. ಸೋತು, ಖೈದಿ ತಟ್ಟೆಯನ್ನು ಕೊನೆಯವರೆಗೂ ಬಳಿದು ತಿನ್ನುವ ದೃಶ್ಯವನ್ನೇ ಇಟ್ಟೆ.

ಒಂದು ಚಿತ್ರೋತ್ಸವದಲ್ಲಿ ಇದನ್ನು ನೋಡಿದ ವಿಮರ್ಶಕರೊಬ್ಬರು, ವ್ಯವಸ್ಥೆಯು ಮನುಷ್ಯನ ಘನತೆಯನ್ನು ಹೇಗೆ ಕಸಿಯುತ್ತದೆ ಎಂಬುದಕ್ಕೆ ಖೈದಿ ತಟ್ಟೆ ನೆಕ್ಕುವ ದೃಶ್ಯಕ್ಕಿಂತ ಕಟುವಾದ ರೂಪಕ ತಾವು ಕಂಡಿಲ್ಲ ಎಂದು ಬರೆದರು. ಅದನ್ನು ಹೋಟೆಲಿನವರಿಗೆ ಓದಿ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಹಾಗಾದರೆ ತುಪ್ಪ ಸರಿಯಾಗಿ ಬಿದ್ದಿತ್ತು" ಎಂದರು.

ದನಿ

ಬಾಗಿಲಿಗೆ ಒಂದು ದನಿ ಬೇಕಿತ್ತು. ಯಂತ್ರದ ದನಿ, ಕನ್ನಡದಲ್ಲಿ. ಸಾಫ್ಟ್‌ವೇರ್‌ಗಳನ್ನು ಹಾಕಿ ನೋಡಿದೆ. ಎಲ್ಲವೂ ರೇಡಿಯೋ ಅಕ್ಕನ ಹಾಗೆ ಸಿಹಿಸಿಹಿ. ಭಯ ಹುಟ್ಟಲೇ ಇಲ್ಲ.

ನಮ್ಮ ಮಗಳು ಹುಟ್ಟಿದ್ದು ಸೂರತ್, ಬೆಳೆದದ್ದು ವಡೋದರಾ. ಗುಜರಾತಿಯಲ್ಲಿ ಜಗಳ ಮಾಡುತ್ತಾಳೆ, ಇಂಗ್ಲಿಷಿನಲ್ಲಿ ಸಮಾಧಾನವಾಗುತ್ತಾಳೆ. ಕನ್ನಡ ಅಜ್ಜಿಗೆ ಮೀಸಲು, ಅದೂ ಪದಕ್ಕೊಂದು ನಿಲುಗಡೆ. ಬೇರೆ ದಾರಿ ಕಾಣದೆ ಸಾಲುಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿದಳು. "ಎಲ್ಲಿಗೆ. ಹೋಗುತ್ತೀ. ಯಾಕೆ. ಹೋಗುತ್ತೀ." ಒಂದು ಪದಕ್ಕೂ ಇನ್ನೊಂದಕ್ಕೂ ಪರಿಚಯವೇ ಇಲ್ಲದ ಹಾಗೆ. ನನ್ನ ಮೈ ಝುಮ್ಮೆಂದಿತು. ಇಷ್ಟು ವರ್ಷ ಅವಳ ಕನ್ನಡ ಸುಧಾರಿಸಲಿಲ್ಲ ಎಂದು ಕೊರಗಿದವಳು ಅಂದು ದೇವರಿಗೆ ಕೈಮುಗಿದೆ.

ವಡೋದರಾದ ಸ್ಟುಡಿಯೋದಲ್ಲಿ ಧ್ವನಿ ಮಿಶ್ರಣ ಮಾಡುವವರು ಕೇಳಿ ಬೆರಗಾದರು. ಇಷ್ಟು ನಿರ್ದಯವಾದ ದನಿ ಕೇಳಿರಲಿಲ್ಲ, ಯಾವ ಸಾಫ್ಟ್‌ವೇರ್ ಎಂದರು. ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ಮಗಳು ತಲೆ ಎತ್ತದೆ ಗುಜರಾತಿಯಲ್ಲಿ ಹೇಳಿದಳು.

"ದನಿ ನಂದು. ಪ್ರಶ್ನೆ ಎಲ್ಲಾ ಅಮ್ಮಂದು. ನಾನು ದಿನಾ ಹೊರಗೆ ಹೋಗುವಾಗ ಅಮ್ಮ ಕೇಳೋದೇ ಇವು. ಇದ್ರಲ್ಲಿ ಸೈನ್ಸ್ ಫಿಕ್ಷನ್ ಎಲ್ಲಿದೆ?"

ತಜ್ಞರ ಸಲಹೆ

ನಮ್ಮ ಎದುರಿನ ಕಟ್ಟಡದಲ್ಲಿ ನಿವೃತ್ತ ಜೈಲಧಿಕಾರಿಯೊಬ್ಬರು ಇದ್ದರು. ಎಡಿಟ್ ಮುಗಿಯುವ ಮುನ್ನ ಅವರಿಗೆ ಒಮ್ಮೆ ತೋರಿಸಿದೆ. ಕೈಕಟ್ಟಿ ನೋಡಿದರು, ಕಣ್ಣೂ ಮಿಟುಕಿಸಲಿಲ್ಲ. ಮುಗಿದ ಮೇಲೆ ಇದು ಜೈಲಲ್ಲ ಎಂದರು.

ಹಾಗಾದರೆ ಏನು ಎಂದೆ. ಗೇಟಿನಲ್ಲಿ ಪ್ರತಿ ಸಲ ಹೆಸರು ಹೇಳಬೇಕು, ಹೊರಗೆ ಹೋಗುವುದಕ್ಕೆ ಕಾರಣ ಕೊಡಬೇಕು, ಊಟ ತಿಂಡಿ ಸೈರನ್ನಿಗೆ ಸರಿಯಾಗಿ, ಎಲ್ಲ ಮನೆಯೂ ಒಂದೇ ಥರ, ಇದು ಸೂರತ್ ಪಕ್ಕದ ಹಜೀರಾದಲ್ಲಿ ತಮ್ಮ ಅಳಿಯ ಇರುವ ಕಂಪನಿ ಕಾಲೊನಿ ಎಂದರು. ಮಗಳ ಮನೆಗೆ ಹೋದಾಗಲೆಲ್ಲ ತಮಗೆ ಡ್ಯೂಟಿಗೆ ಹೋದ ಹಾಗೆಯೇ ಆಗುತ್ತದಂತೆ.

ಮತ್ತೆ ನಿಜವಾದ ಜೈಲಿಗೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ.

"ಜೈಲಿನಲ್ಲಿ ಬಿಡುಗಡೆಯ ತಾರೀಖು ಮೊದಲೇ ಹೇಳಿರುತ್ತಾರೆ."

ಪ್ರದರ್ಶನ

ವರ್ಗದ ಆದೇಶ ಬಂತು, ನಾಗಪುರಕ್ಕೆ. ಚಿತ್ರ ಮಾತ್ರ ಅದಕ್ಕಿಂತ ಒಂದು ವಾರ ಮುಂಚೆ ಮುಗಿದಿತ್ತು. ಗಂಟುಮೂಟೆ ಕಟ್ಟುವ ಮೊದಲು ವಡೋದರಾದ ಹಳೆಯ ಕನ್ನಡ ಬಳಗದವರು ಒಂದು ಭಾನುವಾರ ಸಂಜೆ ಸಣ್ಣ ಸಭಾಂಗಣದಲ್ಲಿ ಪ್ರದರ್ಶನ ಇಟ್ಟುಕೊಂಡರು. ಚಿತ್ರದ ಕೊನೆಯಲ್ಲಿ ಬಾಗಿಲು ಸುಮ್ಮನಾಗುತ್ತದೆ, ತಾನಾಗಿಯೇ ತೆರೆಯುತ್ತದೆ. ಖೈದಿ ಹೊರಗಿನ ಬೆಳಕನ್ನು ನೋಡುತ್ತಾನೆ, ಏಳುವುದಿಲ್ಲ. ಅಲ್ಲಿಗೆ ಮುಗಿಯಿತು. ದೀಪ ಹಾಕಿದಾಗ ಮುಂದಿನ ಸಾಲಿನ ಪ್ರಾಧ್ಯಾಪಕಿಯೊಬ್ಬರು ಕಣ್ಣೊರೆಸಿಕೊಂಡು ಸ್ವಾತಂತ್ರ್ಯದ ಭಾರ ಎಂದು ಏನೋ ಹೇಳಿದರು. ಎರಡು ವರ್ಷದ ಕಷ್ಟ ಸಾರ್ಥಕವಾಯಿತು ಅನ್ನಿಸಿತು.

ಎಲ್ಲರೂ ಚಹಾದ ಕಡೆ ಹೋದ ಮೇಲೆ, ಚಪ್ಪಲಿ ಬಿಟ್ಟ ಜಾಗದಲ್ಲಿ ಹಿರಿಯರೊಬ್ಬರು ನನಗಾಗಿ ಕಾಯುತ್ತಿದ್ದರು. ಅರಸೀಕೆರೆ ಕಡೆಯವರು, ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು, ನನಗೆ ಹಿಂದಿನಿಂದ ಗೊತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಮೇಲೊಂದು ಮಾತಾಡುವ ಗಿಳಿ. ಹೊರಗೆ ಅವರ ಮಗ ಕಾರಿನ ಹಾರ್ನ್ ಒತ್ತುತ್ತಿದ್ದ, ಅದರೊಳಗಿನಿಂದ ಮೊಮ್ಮಕ್ಕಳು "ದಾದಾ, ದಾದಾ" ಎಂದು ಅಜ್ಜನನ್ನು ಕೂಗುತ್ತಿದ್ದವು.

ಅವರು ಹತ್ತಿರ ಬಂದು, ಚಿತ್ರ ತುಂಬ ಹಿಡಿಸಿತು ಎಂದರು. ಆ ಕೋಣೆಯಲ್ಲಿ ಟೀವಿ ಇರಲಿಲ್ಲ ಅಲ್ಲವೇ ಎಂದು ಕೇಳಿದರು. ಇಲ್ಲ, ಅದೇ ಶಿಕ್ಷೆ ಎಂದೆ. ನೋಡುವುದಕ್ಕೆ ಯಾರೂ ಬರುವ ಹಾಗಿಲ್ಲವೇ ಎಂದರು. ಯಾರೂ ಇಲ್ಲ ಎಂದೆ. ಊಟ ಹೊತ್ತಿಗೆ ಸರಿಯಾಗಿ ಕಿಂಡಿಯಿಂದ ಬರುತ್ತದೆ, ಬಿಸಿ ಇತ್ತು ಅನ್ನಿಸುತ್ತದೆ ಎಂದು ತಾವೇ ಹೇಳಿಕೊಂಡರು. ಆಮೇಲೆ ಒಮ್ಮೆ ಕಾರಿನ ಕಡೆ ನೋಡಿ, ಅವನು ಏನು ತಪ್ಪು ಮಾಡಿದ್ದ ಅಂತ ನೀವು ತೋರಿಸಲೇ ಇಲ್ಲವಲ್ಲ ಎಂದರು.

ಅಷ್ಟು ಜನರಲ್ಲಿ ಇದನ್ನು ಗಮನಿಸಿದವರು ಅವರೊಬ್ಬರೇ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬೇಕೆಂದೇ ಬಿಟ್ಟಿದ್ದೇನೆ, ಅಪರಾಧ ಯಾವುದು, ಶಿಕ್ಷೆ ಎಷ್ಟು ಎಂದು ನೋಡುವವರೇ ತೂಗಿ ನೋಡಲಿ ಎಂದು ಹಾಗೆ ಮಾಡಿದೆ, ಅದು ಚಿತ್ರದ ತಾತ್ವಿಕ ನೆಲೆ ಎಂದು ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಹಾರ್ನ್ ಮತ್ತೆ ಕೂಗಿತು. ಅವರು ಚಪ್ಪಲಿ ಮೆಟ್ಟಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದೆಲ್ಲ ಸರಿ ತಾಯಿ. ಆದರೂ, ಅಂದಾಜಿಗೆ, ಕಡಿಮೆ ಅಂದರೆ ಏನು ಮಾಡಿರಬೇಕಾಗುತ್ತೆ?"