ಅಪ್ಪನ ಸಭೆ, ನನ್ನ ಜ್ಞಾನಸ್ನಾನ

ನಮ್ಮ ಮನೆ ಮಂದಿ ನಾಲ್ಕು ಜನರ ನಡುವೆ ಹೋದರೆ ಏನಾದರೊಂದು ಎಡವಟ್ಟಾಗದೆ ಇರುವುದಿಲ್ಲ. ತಮಿಳು ಸೀಮೆಯ ಕಂಬೈನಲ್ಲೂರಿನ ಪಕ್ಕದ ಹಳ್ಳಿ ನಮ್ಮದು, ಮನೆಮಾತು ಕನ್ನಡ. ನೆಂಟರೆಲ್ಲ ಊರ ದೇವರಿಗೆ ನಡೆದುಕೊಳ್ಳುವವರು. ಅಪ್ಪ ಮಾತ್ರ ಹರೆಯದಲ್ಲೇ ಹರೂರಿನ ಒಂದು ಸಭೆಗೆ ಸೇರಿ ಕ್ರೈಸ್ತನಾದ. ಬಹಳ ಕಟ್ಟುನಿಟ್ಟಿನ ಸಭೆ. ಒಡವೆ ಇಲ್ಲ, ಹೂವಿಲ್ಲ, ಕುಂಕುಮವಿಲ್ಲ, ಸಿನಿಮಾ ಇಲ್ಲ. ಅಪ್ಪ ದೇವರ ಹತ್ತಿರ ತಮಿಳಿನಲ್ಲಿ ಮಾತಾಡುತ್ತಿದ್ದ, ನಮ್ಮನ್ನು ಬೈಯುವುದು ಮಾತ್ರ ಕನ್ನಡದಲ್ಲಿ.

ಒಂದನ್ನು ಬಿಟ್ಟು ಎಲ್ಲವನ್ನೂ ನಾನು ಪಾಲಿಸಿದೆ. ಆ ಒಂದು ಜ್ಞಾನಸ್ನಾನ. ಎಲ್ಲರೆದುರು ನಂಬಿಕೆ ಒಪ್ಪಿಕೊಂಡು ತೊಟ್ಟಿಯ ನೀರಲ್ಲಿ ಮುಳುಗೇಳಬೇಕು. "ನಂಗಾಗೇ ಅನ್ನಿಸ್ದಾಗ ತಗೋತೀನಿ" ಅನ್ನುತ್ತಿದ್ದೆ. ಅಪ್ಪನಿಗೆ ಅದೇ ದೊಡ್ಡ ಕೊರಗು.

ಕುಂಕುಮದ ತಟ್ಟೆ

ಮೇಚೇರಿಯಲ್ಲಿ ನೆಂಟರ ಮದುವೆ. ಅವ್ವ ಸಭೆಯ ಪದ್ಧತಿಯಂತೆ ಬಿಳಿ ಸೀರೆ ಉಟ್ಟಿದ್ದಳು. ಬರೀ ಕಿವಿ, ಬರೀ ಕತ್ತು, ಬರೀ ಹಣೆ. ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದ ಅಜ್ಜಿಯೊಬ್ಬಳು ಅವ್ವನನ್ನು ದಾಟಿ ಪಕ್ಕದವಳಿಗೆ ಕೊಟ್ಟಳು. ಆಮೇಲೆ ಮನಸ್ಸು ತಡೆಯದೆ ವಾಪಸ್ಸು ಬಂದು ಅವ್ವನ ಕೈ ಹಿಡಿದಳು.

"ಇಷ್ಟ್ ಚಿಕ್ಕ ವಯಸ್ಗೇ ಇಂಗಾಯ್ತಲ್ಲ ತಾಯಿ! ಏನಾಗಿತ್ತು ನಿನ್ ಗಂಡನ್ಗೆ?"

ಹಿಂದೆ ಪಾಯಸದ ಲೋಟ ಹಿಡಿದು ನಿಂತಿದ್ದ ಅಪ್ಪ ಅಂದ, "ನಂಗೇನೂ ಆಗಿಲ್ಲ ಕಣಜ್ಜಿ, ಚೆನ್ನಾಗೇ ಇವ್ನಿ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚೆನ್ನಾಗಿದ್ರೆ ಎಂಡ್ತಿಗೊಂದು ಓಲೆ ಮಾಡುಸ್ಕೊಡಾಕೆ ಏನಪ್ಪಾ ರೋಗ ನಿಂಗೆ?"

ಹಬ್ಬದ ಬಾಡು

ಮಾರಿಯಮ್ಮನಿಗೆ ಕುರಿ ಕಡಿದ ದಿನ ದೊಡ್ಡಪ್ಪ ನಮಗೊಂದು ಪಾತ್ರೆ ಬಾಡಿನ ಸಾರು ತರುತ್ತಿದ್ದ. ಅಪ್ಪ ಬೈಬಲ್ಲಿನಲ್ಲಿ ದಾರಿ ಹುಡುಕಿ ಇಟ್ಟುಕೊಂಡಿದ್ದ. ಮುಂದಿಟ್ಟದ್ದನ್ನು ವಿಚಾರಿಸದೆ ತಿನ್ನಬಹುದು, ದೇವರಿಗೆ ಒಪ್ಪಿಸಿದ್ದು ಅಂತ ಯಾರಾದರೂ ಹೇಳಿಬಿಟ್ಟರೆ ಮಾತ್ರ ಮುಟ್ಟಬಾರದು. ದೊಡ್ಡಪ್ಪನೋ, ಏನನ್ನೂ ಮುಚ್ಚಿಡದ ಮನುಷ್ಯ.

"ತಮ್ಮಾ, ಇದು ನಮ್ ಮಾರಿಯಮ್ಮನ್ಗೆ..."

"ಅಣ್ಣಾ, ಬಾಯಿ ಬುಡ್ಬೇಡ! ಪಾತ್ರೆ ಮಡಗು, ಸುಮ್ನೆ ಓಗು!"

ಮುಂದಿನ ವರ್ಷದಿಂದ ದೊಡ್ಡಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡೇ ಬರುತ್ತಿದ್ದ.

ಮೇಕೆ ಮತ್ತು ನಾನು

ಪ್ರತಿ ಭಾನುವಾರ ಸಭೆಯಲ್ಲಿ ನನ್ನ ಜ್ಞಾನಸ್ನಾನಕ್ಕಾಗಿ ಪ್ರಾರ್ಥನೆ. ಒಬ್ಬರ ಮಂಡಿನೋವಿಗೂ ಇನ್ನೊಬ್ಬರ ಮೇಕೆಯ ಹೊಟ್ಟೆಯುಬ್ಬರಕ್ಕೂ ನಡುವೆ ನನ್ನ ಹೆಸರು. ಮಂಡಿ ವಾಸಿಯಾಯಿತು, ಮೇಕೆ ಎದ್ದು ಮೇಯತೊಡಗಿತು.

"ನೋಡ್ದಾ, ಮೇಕೆಗೇ ಗುಣ ಆಗೈತೆ" ಅಂದ ಅಪ್ಪ, ಬಸ್ಸಿನಲ್ಲಿ.

"ಅದ್ಕೆ ಡಾಕ್ಟ್ರು ಸೂಜಿನೂ ಆಕಿದ್ರು ಕಣಪ್ಪಾ."

"ನಿಂಗೂ ಆಕುಸ್ತೀನಿ ಬಾ."

ತೊಟ್ಟಿಯಲ್ಲಿ

ಹೋದ ವರ್ಷ ಅಪ್ಪನಿಗೆ ಸಾಕಾಯಿತು. "ಇನ್ ನಾನ್ ಕೇಳಲ್ಲ ಕಣವ್ವಾ. ನೀನುಂಟು, ನಿನ್ ದೇವ್ರುಂಟು" ಅಂದು ಸುಮ್ಮನಾದ. ಒಂದು ತಿಂಗಳು ನೆಮ್ಮದಿಯಾಗಿದ್ದೆ. ಆಮೇಲೆ, ಯಾರೂ ಹೇಳದೆ, ನಾನೇ ಮೊಣಕಾಲೂರಿ ಪ್ರಾರ್ಥಿಸತೊಡಗಿದೆ. ಅಪ್ಪನ ದೇವರು ಅಂದುಕೊಂಡಿದ್ದವನು ನನ್ನವನೂ ಹೌದು ಅನ್ನಿಸಿತು. ಅದರಷ್ಟು ಸಂತೋಷ ನನಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಈ ವರ್ಷ ನಾನಾಗಿಯೇ ಪಾಸ್ಟರಯ್ಯನ ಬಳಿ ಹೋಗಿ ಜ್ಞಾನಸ್ನಾನ ಕೇಳಿದೆ.

ಸಭೆಯ ಹಿಂದಿನ ತೊಟ್ಟಿ, ಸೊಂಟದ ಮಟ್ಟ ನೀರು. ನಾನು, ಪಾಸ್ಟರಯ್ಯ ಒಳಗೆ. ಟವೆಲ್ ಹಿಡಿದು ಅಂಚಿನಲ್ಲಿ ನಿಂತಿದ್ದ ಅಪ್ಪ ಆಗಲೇ ಅಳುತ್ತಿದ್ದ. ನಿಯಮದಂತೆ ಪಾಸ್ಟರಯ್ಯ ತಮಿಳಿನಲ್ಲಿ ಕೇಳಿದರು, "ಯಾರ ಬಲವಂತವೂ ಇಲ್ಲ ತಾನೆ?"

ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ನೀರಲ್ಲಿ ನಿಂತು ಸುಳ್ಳು ಹೇಗೆ ಹೇಳಲಿ?

"ಇತ್ತು ಅಯ್ಯಾ. ಅಪ್ಪ ಹನ್ನೊಂದು ವರ್ಷ ಬಲವಂತ ಮಾಡಿದರು, ಅದಕ್ಕೇ ಬರಲಿಲ್ಲ. ಹೋದ ವರ್ಷ ಬಿಟ್ಟರು, ಬಂದೆ."

ಪಾಸ್ಟರಯ್ಯ ತುಟಿ ಕಚ್ಚಿ ನಗು ತಡೆದುಕೊಂಡು ನನ್ನನ್ನು ಮುಳುಗಿಸಿದರು. ಮೇಲೆದ್ದಾಗ ಮೊದಲು ಕೇಳಿಸಿದ್ದು ಅಪ್ಪನ ದನಿ.

"ಲೇ, ಇದ್ನ ಮೊದ್ಲೇ ಏಳ್ಬಾರ್ದಿತ್ತಾ! ಅನ್ನೊಂದ್ ವರ್ಷ ಶುಕ್ರವಾರ ಶುಕ್ರವಾರ ನಿಂಗೋಸ್ಕರ ಉಪಾಸ ಇದ್ನಲ್ಲೇ!"